ಗೋಳಿಬಜೆ ಸಾರ್

ಮೊಮ್ಮಗಳು ಪ್ರಣಮ್ಯಾ ಎಂಟನೇ ಕ್ಲಾಸು. ಅವಳ ತೃಷಾ ಮಿಸ್ ಮಕ್ಕಳಿಗೆಲ್ಲ ಒಬ್ಬೊಬ್ಬ ಬಾಹ್ಯಾಕಾಶ ವಿಜ್ಞಾನಿಯ ಬಗ್ಗೆ ಬರೆಯಲು ಹೇಳಿದ್ದರು. ನೆಟ್‌ನಿಂದ ಇಳಿಸುವ ಹಾಗಿಲ್ಲ. ಆ ವಿಜ್ಞಾನಿಯನ್ನು ಬಲ್ಲ ಒಬ್ಬರನ್ನಾದರೂ ಮಾತಾಡಿಸಬೇಕು. ಅವರು ಕಣ್ಣಾರೆ ಕಂಡದ್ದು ಒಂದು ಕಡೆ, ಬರೀ ಕೇಳಿದ್ದು ಇನ್ನೊಂದು ಕಡೆ, ಕೊನೆಯಲ್ಲಿ ಹೇಳಿದವರ ಹೆಸರು.

ಅರ್ಧ ಕ್ಲಾಸು ಒಬ್ಬರೇ ವಿಜ್ಞಾನಿಯನ್ನು ಹಿಡಿದುಕೊಂಡಿತ್ತು, ಇವಳೂ ಅದರಲ್ಲಿ ಒಬ್ಬಳು. ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು.

"ನಮ್ಮ ಹೋಟೆಲಿಗೇ ಒಬ್ರು ರಾಕೆಟ್ ವಿಜ್ಞಾನಿ ಬರ್ತಿದ್ರು, ಗೊತ್ತುಂಟಾ?" ಎಂದೆ.

ಮರುದಿನವೇ ಮಿಸ್‌ಗೆ ಹೇಳಿ ವಿಜ್ಞಾನಿಯನ್ನು ಬದಲಾಯಿಸಿಕೊಂಡು ಬಂದಳು.

ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹತ್ತಿರ ಇದ್ದ ಆ ಹೋಟೆಲು ಧಣಿಗಳದ್ದು, ನಾನು ಅಲ್ಲಿ ಸಪ್ಲಯರ್. ಆದರೂ ನನ್ನ ಬಾಯಲ್ಲಿ ಅದು ಯಾವಾಗಲೂ 'ನಮ್ಮ ಹೋಟೆಲು'. ಈಗ ಅಲ್ಲಿ ಮೊಬೈಲ್ ಅಂಗಡಿ. ಅದರ ಮುಂದೆ ಹೋದಾಗೆಲ್ಲ ನನಗೆ ಡಿಕಾಕ್ಷನ್ನಿನ ಪರಿಮಳ ಬರುತ್ತದೆ. ಪಕ್ಕದ ಟೀ ಅಂಗಡಿಯದ್ದು ಎನ್ನುತ್ತಾಳೆ ಸೊಸೆ. ಅವಳಿಗೇನು ಗೊತ್ತು.

ಪ್ರಣಮ್ಯಾ ಪೆನ್ನು ಹಿಡಿದು ಕುಳಿತಳು. "ಅವರ ಹೆಸರು?"

"ಗೋಳಿಬಜೆ ಸಾರ್."

"ಅಜ್ಜ, ಅದು ತಿಂಡಿ."

ಏನು ಮಾಡುವುದು, ನಮ್ಮಲ್ಲಿ ಗಿರಾಕಿಯ ಹೆಸರು ಕೇಳುವ ಕ್ರಮವೇ ಇರಲಿಲ್ಲ. ತಿಂದದ್ದೇ ಹೆಸರು. ಸೆಟ್ ದೋಸೆ ಅಯ್ಯರ್, ಸಕ್ಕರೆ ಕಮ್ಮಿ ಟೀಚರ್. ಆ ತಮಿಳರ ಊರೆಲ್ಲ ಬೋಂಡಾ ಎನ್ನುತ್ತಿದ್ದಾಗ ಅವರೊಬ್ಬರು ನಮ್ಮಿಂದ ಕಲಿತು 'ಗೋಳಿಬಜೆ' ಎಂದೇ ಕೇಳುತ್ತಿದ್ದರು.

"ವಿಜ್ಞಾನಿ ಅಂತ ನೀಂಗ ಪಾತ್ತೀಂಗಳಾ, ಕೇಟ್ಟೀಂಗಳಾ?" ಹುಡುಗಿಗೆ ಕನ್ನಡ ತಿಳಿಯುತ್ತದೆ, ಬಾಯಿ ಮಾತ್ರ ತಮಿಳಿಗೆ ಹೊರಳುತ್ತದೆ. ನೋಡಿದ್ದೋ ಕೇಳಿದ್ದೋ ಎಂಬುದು ಪ್ರಶ್ನೆ.

"ಕೇಳಿದ್ದು. ಕ್ಯಾಶಲ್ಲಿದ್ದ ಜಯರಾಮ ಹೇಳಿದ್ದು."

"ಅವರು ಬಿಲ್ಲಿನ ಹಿಂದೆ ರಾಕೆಟ್ ಚಿತ್ರ ಬರೆದ್ರು ಅಂದ್ರಲ್ಲ, ಅದು?"

"ಅದೂ ಜಯರಾಮನೇ ಹೇಳಿದ್ದು."

ಎಷ್ಟೋ ಮದುವೆ ಮನೆಗಳಲ್ಲಿ ನಾನು ಹೇಳಿ ಚಪ್ಪಾಳೆ ಗಿಟ್ಟಿಸಿದ ಕತೆ, ಸಾಲುಸಾಲಾಗಿ ಅಂತೆಕಂತೆಯ ಕಡೆಗೆ ಹೋಯಿತು. ನನಗೆ ಸಿಟ್ಟು ಬಂತು. "ಹಾಗಾದ್ರೆ ಜಯರಾಮನನ್ನೇ ಕೇಳುವ, ನಡಿ."

ಭಾನುವಾರ ರಾಯಪುರಂಗೆ ಹೋದೆವು. ಜಯರಾಮ ಅಲ್ಲಿ ಮಗಳ ಮನೆಯಲ್ಲಿದ್ದಾನೆ. ಅವರ ಜಗಲಿಯಿಂದ ಹಾರ್ಬರಿನ ಕ್ರೇನುಗಳು ಕಾಣುತ್ತವೆ. ಪ್ರಶ್ನೆ ಕೇಳಿ ಅವನು ನನ್ನನ್ನೇ ನೋಡಿದ.

"ನಾನೆಲ್ಲಿ ಹೇಳಿದ್ದು ಮಾರಾಯ? ಗೋಳಿಬಜೆ ಸಾರ್ ರಾಕೆಟಿನವರು ಅಂತ ನೀನೇ ಅಲ್ವಾ ಬಂದು ಹೇಳಿದ್ದು?"

"ನಾನಾ?"

"ಮತ್ಯಾರು? ಚಿತ್ರದ ಸುದ್ದಿಯೂ ನಿನ್ನದೇ."

ಅವನಿಂದ ನಾನು ಕೇಳಿದ್ದು, ನನ್ನಿಂದ ಅವನು ಕೇಳಿದ್ದು. ಇಬ್ಬರೂ ಇಂಗು ತಿಂದ ಮಂಗಗಳ ಹಾಗೆ ಕುಳಿತೆವು. ಜೀವಮಾನವಿಡೀ ಕಾಪಾಡಿಕೊಂಡು ಬಂದ ನನ್ನ ಒಂದೇ ಒಂದು ಹೆಮ್ಮೆ ಬರೀ ಗಾಳಿಮಾತೆಂದು ತಿಳಿದಾಗ ನನಗೆ ಅಳು ಬರುವಂತಾಯಿತು. ಅದಕ್ಕಿಂತ ಹೆಚ್ಚು ಹುಡುಗಿಯ ಚಿಂತೆ. ಮರುದಿನವೇ ಬರಹ ಕೊಡಬೇಕಿತ್ತು. ನನ್ನನ್ನು ನಂಬಿ ಕೆಟ್ಟಳಲ್ಲ.

"ಇದು ಬಿಡು ಮಗಾ. ಮೊದಲು ಹಿಡಿದಿದ್ದ ವಿಜ್ಞಾನಿಯ ಬಗ್ಗೆಯೇ ಬರಿ."

ಅವಳು ಬಿಡಲಿಲ್ಲ. "ಪಾತ್ತದು ಮಟ್ಟುಂ ಸೊಲ್ಲುಂಗ, ಅಜ್ಜ." ನೋಡಿದ್ದನ್ನು ಮಾತ್ರ ಹೇಳಬೇಕಂತೆ.

ನಾನು ಕಣ್ಣು ಮುಚ್ಚಿದೆ. ಕಿಟಕಿ ಪಕ್ಕದ ಮೇಜು ಕಂಡಿತು.

"ರಾಕೆಟ್ ಕಡಲಿಗೆ ಬಿತ್ತು ಅಂತ ಪೇಪರಲ್ಲಿ ಬಂದ ದಿನ. ಅವರು ಬಂದು ಪೇಪರನ್ನು ಮಗುಚಿ ಇಟ್ರು. ನಾನು ಗೋಳಿಬಜೆ ತಂದಿಟ್ಟೆ, ಮುಟ್ಲಿಲ್ಲ. ಆರಿ ಹೋಯ್ತು. ಅದನ್ನು ತೆಗೆದು ಬಿಸಿದು ತಂದಿಟ್ಟೆ. ಅದೂ ಆರಿತು. ಮತ್ತೂ ತಂದೆ. ಆಗ ಒಂದು ತಿಂದ್ರು."

"ಆಮೇಲೆ?"

"ತುಂಬಾ ಸಮಯ ಬರ್ಲೇ ಇಲ್ಲ. ಮತ್ತೆ ಒಂದು ದಿನ ಬಂದವರು ಕೂರುವ ಮೊದಲೇ ಎರಡು ಪ್ಲೇಟ್ ಅಂದ್ರು. ಒಬ್ರೇ ಇದ್ರು. ಒಂದನ್ನು ನನ್ನ ಕಡೆ ದೂಡಿದ್ರು. ಸಪ್ಲಯರ್ ಗಿರಾಕಿಯ ಮೇಜಲ್ಲಿ ಕೂರ್ಲಿಕ್ಕೆ ಇಲ್ಲ. ನಿಂತುಕೊಂಡೇ ತಿಂದೆ."

"ಅದನ್ನು ನಾನೂ ನೋಡಿದ್ದೇನೆ," ಎಂದ ಜಯರಾಮ. "ಧಣಿಗಳು ಬಂದ್ರೆ ಬೈತಾರೆ ಅಂತ ಬಾಗಿಲು ಕಾಯ್ತಾ ಇದ್ದೆ."

ಪ್ರಣಮ್ಯಾಳ ಪೆನ್ನು ಮೊದಲ ಸಲ 'ಕಂಡದ್ದು' ಕಡೆಗೆ ಹೋಯಿತು.

ಬರಹಗಳನ್ನು ಶಾಲೆಯ ಗೋಡೆಗೆ ಅಂಟಿಸಿದ ದಿನ ನಮ್ಮನ್ನೂ ಕರೆದಿದ್ದರು. ಪ್ರಣಮ್ಯಾಳದ್ದು ಇಂಗ್ಲಿಷಿನಲ್ಲಿತ್ತು, ಅವಳೇ ಬೆರಳಿಟ್ಟು ಓದಿ ಹೇಳಿದಳು. ಅವರು ವಿಜ್ಞಾನಿಯೋ ಅಲ್ಲವೋ ನನಗೆ ಗೊತ್ತಿಲ್ಲ, ಎಂದೇ ಶುರು. ಆಮೇಲೆ ಆರಿದ ಗೋಳಿಬಜೆ, ಎರಡು ಪ್ಲೇಟು. ಒಂದು ಮಾತೂ ಹೆಚ್ಚಿಲ್ಲ. ನಾನು ಹೇಳುತ್ತಿದ್ದ ಕತೆಗಿಂತ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಇಷ್ಟು ಮಕ್ಕಳಲ್ಲಿ ಗೊತ್ತಿಲ್ಲ ಎಂದು ಬರೆದವಳು ಇವಳೊಬ್ಬಳೇ ಎಂದು ತೃಷಾ ಮಿಸ್ ಬೆನ್ನು ತಟ್ಟಿದರು.

ಕೊನೆಯ ಸಾಲಿನಲ್ಲಿ ಬೆರಳು ನಿಂತಿತು. ಅದನ್ನು ಮಾತ್ರ ಕನ್ನಡದಲ್ಲಿ ಬರೆದಿದ್ದಳು, ವಕ್ರವಕ್ರವಾಗಿ. 'ಕಂಡವರು: ಸದಾನಂದ, ಜಯರಾಮ.'

ಆ ಹೋಟೆಲಿನಲ್ಲಿ ಗಿರಾಕಿಗಳೆಲ್ಲ ನನ್ನನ್ನು ಕರೆದದ್ದು 'ತಂಬಿ' ಎಂದೇ. ಪ್ಲೇಟನ್ನು ನನ್ನ ಕಡೆ ದೂಡಿದಾಗ ಅವರೂ "ಸಾಪ್ಪಿಡು ತಂಬಿ", ತಿನ್ನು ತಮ್ಮಾ, ಎಂದಿದ್ದರು. ನಾನು ಅವರ ಹೆಸರು ಕೇಳಲಿಲ್ಲ, ಅವರು ನನ್ನದು ಕೇಳಲಿಲ್ಲ.

ಎಲ್ಲಾದರೂ ಇದ್ದಾರೋ ಇಲ್ಲವೋ. ಇದ್ದು, ಈ ದಾರಿಯಲ್ಲಿ ಬಂದು ಈ ಗೋಡೆಯನ್ನು ನೋಡಿದರೆ, ನನ್ನ ಹೆಸರಾದರೂ ಅವರಿಗೆ ತಿಳಿಯುತ್ತದೆ.