ಮನೆ ಮಾತು ಕೇಳಲು ಬಂದವಳು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಶಂಕ್ರವ್ವನಿಗೆ ಎದುರಾಡುವವರು ಕಡಿಮೆ. ಗಂಡ ತೀರಿಕೊಂಡ ಮೇಲೆ ಮಗಳು ರೇಷ್ಮಾಳನ್ನು ಜೊತೆಗಿಟ್ಟುಕೊಂಡು ಒಂದೇ ಮಗ್ಗದಿಂದ ಮನೆ ನಡೆಸಿದವಳು. ನೂಲು ಸಾವುಕಾರನದು, ನೇಯ್ದ ಸೀರೆಯೂ ಅವನಿಗೇ ಸೇರಬೇಕು ಎಂಬುದು ಕರಾರು. ಆದರೆ ಆಗೊಮ್ಮೆ ಈಗೊಮ್ಮೆ ಆಕೆ ತಾನೇ ನೂಲು ತಂದು ಸೀರೆ ನೇಯ್ದು ನರೇಗಲ್ಲಿನ ಅಂಗಡಿಯೊಂದಕ್ಕೆ ಮಾರುತ್ತಿದ್ದಳು. ಅದು ಸಾವುಕಾರನ ಕಿವಿಗೆ ಬಿದ್ದರೆ ನೂಲು ಬರುವುದೇ ನಿಂತುಹೋಗುತ್ತಿತ್ತು.

ಹೀಗಿರುವಾಗ 2004ರ ಬೇಸಿಗೆಯಲ್ಲಿ ಇಷ್ರತ ಬಂದಳು. ರೋಣದಲ್ಲಿ ಬಳೆ ಅಂಗಡಿ ಇಟ್ಟಿದ್ದ ಗೌಸುಸಾಬರ ಮಗಳು, ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಳು.

“ನೇಕಾರರ ಬದುಕಿನ ಮ್ಯಾಲೆ ಪ್ರಬಂಧ ಬರಿಯೂದೈತ್ರಿ ಅವ್ವಾರ. ನಂದು ಸಮಾಜಶಾಸ್ತ್ರ,” ಎಂದಳು.

“ಅದನ್ನ ಕಲ್ತವ್ರು ಮುಂದ ಏನ್ ಆಗ್ತಾರವಾ?”

“ಕಾಲೇಜಿನ್ಯಾಗ ಪಾಠ ಹೇಳಬಹುದ್ರಿ. ಹಾಸ್ಟೆಲ್ ವಾರ್ಡನ್ ಆಗಬಹುದು, ಪರೀಕ್ಷಾ ಕಟ್ಟಿ ಅಧಿಕಾರಿ ಆಗಬಹುದು. ಊರೂರಿಗೆ ಹೋಗಿ ಮಂದಿ ಹ್ಯಾಂಗ ಬದುಕ್ತಾರಂತ ಕೇಳಿ ತಿಳ್ಕೊಳ್ಳೂ ಸಂಸ್ಥಾನೂ ಅದಾವ್ರಿ.”

“ಮಂದಿ ಮನಿ ಮಾತು ಕೇಳೂದಕ್ಕ ಪಗಾರ ಕೊಡ್ತಾರೇನು?”

ಇಷ್ರತ ನಕ್ಕಳು. ಶಂಕ್ರವ್ವ ನಗಲಿಲ್ಲ. ಕೆಲಸವಿಲ್ಲದೆ ಯಾರೂ ಇನ್ನೊಬ್ಬರ ಮನೆ ವಿಚಾರ ಕೇಳುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಮಗ್ಗದ ಮೇಲೆ ಎಷ್ಟು ಹೊತ್ತು ಕೂರುತ್ತೀರಿ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದೆಲ್ಲ ಕೇಳಿದ ಹುಡುಗಿ ಕಡೆಗೆ, “ಸೀರಿ ಯಾರಿಗೆ ಕೊಡ್ತೀರ್ರಿ?” ಎಂದಳು. ಲಾಳಿ ಹಿಡಿದಿದ್ದ ಶಂಕ್ರವ್ವನ ಕೈ ನಿಂತಿತು.

“ಸಾವುಕಾರ್ರಿಗೆ. ಮತ್ಯಾರಿಗೆ?”

ಅಂದಿನಿಂದ ಶಂಕ್ರವ್ವ ಹುಡುಗಿಯ ಮೇಲೆ ಕಣ್ಣಿಟ್ಟಳು. ಒಂದು ದಿನ ನೀರು ತರಲು ಹೋಗಿ ಬರುವಷ್ಟರಲ್ಲಿ ರೇಷ್ಮಾ, ಇಷ್ರತ ಇಬ್ಬರೂ ತಲೆಗೆ ತಲೆ ಹಚ್ಚಿ ಮಾತಾಡುತ್ತಿದ್ದರು; ಈಕೆಯನ್ನು ಕಂಡದ್ದೇ ಸುಮ್ಮನಾದರು. ಇಷ್ರತ ಹೋದ ಮೇಲೆ ಶಂಕ್ರವ್ವ ಮಗಳನ್ನು ಹಿಡಿದಳು.

“ಏನ್ ಕೇಳಿದ್ಲು?”

“ಸಾಲಿ ಯಾಕ ಬಿಟ್ಟಿ ಅಂತ.”

“ನೀ ಏನಂದಿ?”

“ಅವ್ವ ಬಿಡಿಸಿದ್ಲು ಅಂದೆ.”

ಶಂಕ್ರವ್ವನಿಗೆ ಚುಚ್ಚಿದಂತಾಯಿತು. ಇಷ್ಟು ಹೇಳಿದವಳು ನರೇಗಲ್ಲಿನ ಮಾತನ್ನೂ ಹೇಳಿರಬಾರದೇಕೆ?

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಶಂಕ್ರವ್ವ ಕಂಬದ ಮರೆಗೆ ಸರಿದು ನಿಂತಳು. ಚಹಾದಂಗಡಿಯ ಮುಂದೆ ಇಷ್ರತ ನಿಂತಿದ್ದಳು. ಜೊತೆಗೆ ಸಾವುಕಾರನ ಗುಮಾಸ್ತ ಕಳಕೇಶ. ಅವನು ನಗುತ್ತ ಏನೋ ಹೇಳುತ್ತಿದ್ದ. ಹುಡುಗಿ ಸಾವುಕಾರನ ಕಡೆಯವಳೇ ಎಂಬುದರಲ್ಲಿ ಇನ್ನು ಸಂಶಯಕ್ಕೆ ಜಾಗವೇ ಇರಲಿಲ್ಲ.

ಮುಂದಿನ ಸಲ ಹುಡುಗಿ ಬಂದಾಗ ಶಂಕ್ರವ್ವ ಬಾಗಿಲಲ್ಲೇ ತಡೆದಳು. “ಇನ್ನೊಮ್ಮಿ ಈ ಹೊಸ್ತಿಲಾ ತುಳೀಬ್ಯಾಡ. ಇಲ್ಲಿ ಕೇಳಾಕೂ ಏನಿಲ್ಲ, ಹೇಳಾಕೂ ಏನಿಲ್ಲ.” ಓಣಿಯವರೆಲ್ಲ ಹೊರಗೆ ಬಂದು ನೋಡಿದರು. ಇಷ್ರತಳ ಮುಖ ಕೆಂಪೇರಿತು. ಏನೋ ಹೇಳಲು ಬಾಯಿ ತೆರೆದಳು; ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಆ ವಾರವೇ ಕಳಕೇಶ ಮನೆಗೆ ಬಂದ. ಮಗ್ಗದ ಮೇಲೆ ಆಗ ಇದ್ದದ್ದು ಶಂಕ್ರವ್ವನ ಸ್ವಂತದ ಸೀರೆ, ಸಾವುಕಾರ ಎಂದೂ ಕೊಡದ ಹಸಿರು ಬಣ್ಣದ್ದು. ರೇಷ್ಮಾ ಮೆಲ್ಲಗೆ ಎದ್ದು ಅದಕ್ಕೆ ಅಡ್ಡವಾಗಿ ನಿಂತಳು.

“ಆ ರೋಣದ ಹುಡುಗಿಗೆ ನಾ ಒಂದ್ ಮಾತು ಹೇಳಿದ್ದೆ,” ಎಂದ ಕಳಕೇಶ. “ಸೀರಿ ಯಾರ್ಯಾರು ಹೊರಗ ಮಾರ್ತಾರ ಹೇಳು, ನಮ್ಮ ಹೊಸಾ ಅಂಗಡ್ಯಾಗ ನೌಕರಿ ಕೊಡಸ್ತೀನಿ ಅಂತ. ಆಕಿ, ಮಂದಿ ನನ್ನ ನಂಬಿ ಹೇಳಿದ್ದು ಹೊರಗ ಹೇಳೂದಿಲ್ಲ ಅಂದ್ಲು. ಹೇಳೂದಿಲ್ಲ ಅಂದ್ರ ಏನರ ಇರಬೇಕಲ್ಲ? ನಿಮ್ಮ ಮನ್ಯಾಗ ಭಾಳ ಕೂಡತಿದ್ಲಂತ.”

ಶಂಕ್ರವ್ವ ಬಾಗಿಲ ಕಡೆ ಕೈ ತೋರಿಸಿದಳು. ದನಿ ಗಟ್ಟಿಯಾಗಿಯೇ ಇತ್ತು. “ಆಕೀನ ನಾನ ಹೊರಗ ಹಾಕೇನಿ. ಓಣಿಗೆಲ್ಲಾ ಗೊತ್ತೈತಿ, ಕೇಳ್ಕೊಂಡು ಹೋಗ್ರಿ.”

ಕಳಕೇಶ ನೆರೆಮನೆಯವರನ್ನು ಕೇಳಿದ. ಹೌದ್ರಿ, ಖರೇ ಎಂದರು. ಹುಡುಗಿಯನ್ನೇ ಹೊರಗಟ್ಟಿದವಳು ಆಕೆಗೆ ಗುಟ್ಟೇನು ಹೇಳಿಯಾಳು ಎಂದುಕೊಂಡು ಅವನು ಹೊರಟುಹೋದ.

ತಾನು ಮಾಡಿದ ಅವಮಾನವೇ ತನ್ನನ್ನು ಉಳಿಸಿತಲ್ಲ ಎಂದು ಶಂಕ್ರವ್ವನಿಗೆ ಊಟ ಸೇರಲಿಲ್ಲ. ಮರುದಿನ ರೋಣದ ಬಸ್ಸು ಹತ್ತಿದಳು. ಬಳೆ ಅಂಗಡಿಯಲ್ಲಿ ತಂದೆಯ ಬದಲು ಇಷ್ರತ ಕೂತಿದ್ದಳು. ಎದ್ದು ನಿಂತಳೇ ಹೊರತು ಬರ್ರಿ ಎನ್ನಲಿಲ್ಲ.

“ಕಳಕೇಶ ನಿನ್ನ ಮಾತು ಹೇಳಿದ,” ಎಂದಳು ಶಂಕ್ರವ್ವ. “ನನ್ನ ಕಡಿಂದ ತಪ್ಪಾತು. ಆ ನೌಕರಿ ಯಾಕ ಬಿಟ್ಟಿ?”

“ಅದನ್ನ ಹಿಡದಿದ್ರ ಮುಂದ ಯಾರ ಮನಿ ಬಾಗಲಾ ಬಡೀಲಿ, ಅವ್ವಾರ?”

ಶಂಕ್ರವ್ವ ಅಂಗಡಿಯ ಒಳಗೆ ಬಂದು ಕೂತಳು. ಅತ್ತಿತ್ತ ನೋಡಿ, ದನಿ ಇಳಿಸಿ ಎಲ್ಲ ಹೇಳಿದಳು: ಸ್ವಂತದ ಸೀರೆ, ಕರಾರು, ರೇಷ್ಮಾಳ ಶಾಲೆ ಬಿಡಿಸಿದ್ದು. ನರೇಗಲ್ಲಿನ ಅಂಗಡಿಯವನ ಹೆಸರು ಮಾತ್ರ ತುಟಿಯವರೆಗೆ ಬಂದು ನಿಂತಿತು. ಇಷ್ರತ ಅದನ್ನು ಕೇಳಲಿಲ್ಲ. ಬೇಡವೆಂದು ಬಿಟ್ಟಳೋ, ರೇಷ್ಮಾ ಮೊದಲೇ ಹೇಳಿಬಿಟ್ಟಿದ್ದಳೋ ಎಂದು ಶಂಕ್ರವ್ವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದಳು.