ಅಣ್ಣನ ವಿಮಾನ

ಅಣ್ಣ ಫೋನ್ ಮಾಡಿದ್ದ. ಅಟ್ಟದ ಮೇಲಿದ್ದ ಹಳೇ ಕಂಪ್ಯೂಟರನ್ನು ಕೆಳಗಿಳಿಸಿದ್ದಾನಂತೆ, ಭಾನುವಾರ ಮೊಮ್ಮಕ್ಕಳಿಗೆ ತನ್ನ ವಿಮಾನದ ಆಟ ತೋರಿಸಬೇಕಂತೆ, ನಾನು ಬಂದು ಸರಿ ಮಾಡಿಕೊಡಬೇಕಂತೆ. ಆ ವಿಮಾನ ನನಗೆ ಚೆನ್ನಾಗಿ ನೆನಪಿದೆ. ಅದಕ್ಕೆ ಡಿಸ್ಕಿನಲ್ಲಿ ಜಾಗ ಸಾಲದೆ ಹೋದಾಗ ಅವನು ಅಳಿಸಿ ಹಾಕಿದ್ದು ನನ್ನ ಕೋಟೆಯ ಆಟವನ್ನು. ಇಡೀ ರಜೆ ಆಡಿ ಕೊನೆಯ ಬಾಗಿಲಿಗೆ ಬಂದಿದ್ದೆ. ಅತ್ತರೆ, ಆಟಕ್ಕೆಲ್ಲ ಅಳ್ತಾರಾ ಅಂತ ನಕ್ಕಿದ್ದ. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಹೋದೆ. ಶನಿವಾರ ಪೂರ್ತಿ ಅವನ ಊಟದ ಮೇಜಿನ ಮೇಲೆ ಅದನ್ನು ಬಿಚ್ಚಿಟ್ಟುಕೊಂಡು ಕೂತೆ. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಧೂಳು ಊದಿದೆ, ಸತ್ತ ಬ್ಯಾಟರಿ ಬದಲಿಸಿದೆ. ಮೆಮೊರಿ ಸಾಲದು ಎಂದು ಅದು ಹಠ ಹಿಡಿದಾಗ, ಶುರುವಿನ ಫೈಲಿನಿಂದ ಬೇಡದ ಸಾಲುಗಳನ್ನು ಒಂದೊಂದೇ ಕಿತ್ತು, ಮತ್ತೆ ಮತ್ತೆ ಆನ್ ಮಾಡಿ, ಪುಸಲಾಯಿಸಿ ದಾರಿಗೆ ತಂದೆ. ಸೌಂಡ್ ಕಾರ್ಡಿನ ಸರಿಯಾದ ನಂಬರು ಸಿಕ್ಕಿ ಎಂಜಿನ್ ಗುರ್ ಅಂದಾಗ ಕಣ್ಣು ಒದ್ದೆಯಾಯಿತು. ಚಿಕ್ಕವಳಿದ್ದಾಗಲೂ ಇದನ್ನೆಲ್ಲ ಮಾಡುತ್ತಿದ್ದವಳು ನಾನೇ. ಆಡುತ್ತಿದ್ದವನು ಅವನು.

ಇನ್ನೊಂದೇ ಕೆಲಸ ಉಳಿದಿತ್ತು. ಆ ಕಾಲದ ಎಷ್ಟೋ ಆಟಗಳು ಯಂತ್ರ ಎಷ್ಟು ಜೋರೋ ಅಷ್ಟೇ ಜೋರಾಗಿ ಓಡುತ್ತವೆ. ವೇಗ ತಗ್ಗಿಸಲೆಂದೇ ಡಬ್ಬದ ಮುಂದೆ ಟರ್ಬೊ ಬಟನ್ ಇರುತ್ತದೆ. ಆಗೆಲ್ಲ ಅಣ್ಣ ಕೂರುವ ಮುಂಚೆ ಅದನ್ನು ಒತ್ತುತ್ತಿದ್ದವಳೂ ನಾನೇ, ಅದು ಏತಕ್ಕಿದೆ ಅಂತ ಅವನು ಯಾವತ್ತೂ ಕೇಳಿದವನಲ್ಲ. ಈ ಸಲ ಒತ್ತಲಿಲ್ಲ.

ಭಾನುವಾರ ಅಣ್ಣ ಅಂಗಿಯ ತೋಳು ಮಡಚಿ ಕೂತ. ತಾನು ಎಂಥಾ ಪೈಲಟ್ ಆಗಿದ್ದೆ ಅಂತ ವಾರವಿಡೀ ಕೊಚ್ಚಿಕೊಂಡಿದ್ದನಂತೆ. ವಿಮಾನ ಮೇಲೇಳುವಷ್ಟರಲ್ಲಿ ಬೆಟ್ಟಕ್ಕೆ ಬಡಿಯಿತು. ಮತ್ತೆ ಏರಿಸಿದ, ಸಮುದ್ರಕ್ಕೆ ಬಿತ್ತು. ಮೊಮ್ಮಕ್ಕಳು ಮೊದಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಎದ್ದು ಹೋದರು. ಸಾಕು ಬಿಡಿ, ಊಟಕ್ಕೆ ಮೇಜು ಬೇಕು ಅಂದರು ಅತ್ತಿಗೆ. ನನ್ನ ಹೊಟ್ಟೆಗೆ ಹಾಲು ಹುಯ್ದಂತಾಯಿತು.

ಹೊರಟಾಗ ಅಣ್ಣ ಬಾಗಿಲವರೆಗೂ ಬಂದ.

"ಪುಟ್ಟೀ, ಮಷೀನ್ ಸರಿಯಾಗಿದೆ ತಾನೆ?"

"ಸರಿಯಾಗೇ ಇದೆ. ನೀನೇ ನೋಡಿದ್ಯಲ್ಲ."

ಅವನು ಬೆರಳುಗಳನ್ನು ಮಡಚಿ, ಬಿಚ್ಚಿ ನೋಡಿಕೊಂಡ. ದನಿ ತಗ್ಗಿಸಿದ.

"ಕಣ್ಣಿಗೆ ಕಂಡಿದ್ದು ಕೈಗೆ ತಲುಪ್ತಾನೇ ಇಲ್ಲ ಕಣೇ. ನಿಮ್ಮ ಅತ್ತಿಗೆಗೆ ಹೇಳಬೇಡ. ಡಾಕ್ಟರಿಗೆ ತೋರಿಸ್ಲಾ?"

ಹೇಳಿಬಿಡಬಹುದಿತ್ತು. ಮಾತು ಬಾಯಿಯವರೆಗೂ ಬಂತು. ಚಪ್ಪಲಿ ಮೆಟ್ಟಿಕೊಂಡೆ.

"ತೋರಿಸು ಅಣ್ಣ," ಅಂದೆ. "ತಡ ಮಾಡಬೇಡ."