ಬೂಟಿಸುವ ಗುಮಾಸ್ತ

ಭದ್ರಾವತಿಯ ಇದ್ದಿಲು ಡಿಪೋದ ಗುಮಾಸ್ತ ಉಜ್ಜನಪ್ಪನ ಲೆಕ್ಕದಲ್ಲಿ, ಕೈಯಿಂದ ಮುಟ್ಟುವ ಯೋಗ್ಯತೆಯಿದ್ದ ವಸ್ತುಗಳು ಲೋಕದಲ್ಲಿ ಬಹಳ ಕಡಿಮೆ. ಕಾಡಿನಿಂದ ಇದ್ದಿಲು ಹೇರಿಕೊಂಡು ಬಂದ ಗಾಡಿಗಳು ಬಿಸಿಲಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಈ ಮಹಾಶಯ ಕೆಳಗಿಳಿಸಿದ ಕುಕ್ಕೆಯನ್ನು ಬಲಗಾಲಿನ ಬೂಟಿನ ತುದಿಯಿಂದ ಕೆದಕಿ, ಮುಖ ಪಕ್ಕಕ್ಕೆ ತಿರುಗಿಸಿ, ಮೂಗಿನಿಂದ ಒಮ್ಮೆ 'ಹುಂ' ಎನ್ನುತ್ತಿದ್ದ. ಆಯಿತು, ಮಾಲು ಹಸಿ, ಗಾಡಿ ವಾಪಸು. ವಾರವೆಲ್ಲ ಹೊಗೆಯಲ್ಲಿ ಬೆಂದು ಇದ್ದಿಲು ಸುಟ್ಟವನ ಮುಖವನ್ನು ಅವನು ನೋಡಿದ್ದೇ ಇಲ್ಲ. ಅವನಷ್ಟು ಕೊಬ್ಬಿದ ಪ್ರಾಣಿ ಡಿಪೋದ ಎತ್ತುಗಳಲ್ಲೂ ಇರಲಿಲ್ಲ.

ಅಂಥವನಿಗೂ ಒಂದು ಚಿಂತೆಯಿತ್ತು, ಮಗಳು ಪದ್ಮಮ್ಮನದು. ಬಂದ ಎರಡು ಸಂಬಂಧಗಳು ಕಾರಣವನ್ನೂ ಹೇಳದೆ ಮುರಿದುಹೋಗಿದ್ದವು. ಮೂರನೆಯದು ಶಿವಮೊಗ್ಗದ ಸುಬ್ಬಪ್ಪ ಮೇಷ್ಟ್ರ ಮನೆಯದು, ಅವರ ಮಗನಿಗೆ. ಅವರು ಯಾವುದೋ ಮದುವೆಯಲ್ಲಿ ಹುಡುಗಿಯನ್ನು ನೋಡಿ ಒಪ್ಪಿದ್ದರು. ಇದ್ದಿಲಿನ ಹೆಸರೆತ್ತಲು ನಾಚಿಕೆಯಾಗಿ ಉಜ್ಜನಪ್ಪ ತನಗೆ ಆಫೀಸಿನಲ್ಲಿ ಕೆಲಸವೆಂದಷ್ಟೇ ಹೇಳಿಸಿದ್ದ. ಮಾತುಕತೆಗೆ ಹೊರಟ ದಿನ ಹೆಂಡತಿ ಈಶ್ವರಮ್ಮ ಅವನ ಕಂದು ಬೂಟುಗಳನ್ನು ಒರೆಸಿ ಒರೆಸಿ ಕೊಟ್ಟಳು.

"ಇದೂ ತಪ್ಪಿಹೋದ್ರೆ ಮಗಳನ್ನ ಯಾರೂ ಕೇಳಲ್ಲ, ನೋಡ್ಕಳಿ" ಎಂದಳು.

ಶಿವಮೊಗ್ಗದಲ್ಲಿ ಅವನು ಜಗಲಿಯ ಮೇಲೆ ಬೂಟು ಬಿಚ್ಚಿಟ್ಟು ಒಳಗೆ ಹೋದ. ಮೇಷ್ಟ್ರ ತಾಯಿ ನಂಜಮ್ಮ ಚಾಪೆ ಹಾಸಿದರು. ಹಳೆಯ ಚಾಪೆ, ಅಂಚು ಹರಿದಿತ್ತು. ಅಭ್ಯಾಸ ಸುಮ್ಮನಿರಬೇಕಲ್ಲ! ಬರಿಗಾಲಿನ ಹೆಬ್ಬೆರಳಿನಿಂದ ಅದನ್ನು ಕೆದಕಿ, ಮುಖ ತಿರುಗಿಸಿ, 'ಹುಂ' ಎಂದ.

ಮುದುಕಿ ಕಿಸಕ್ಕನೆ ನಕ್ಕರು. "ನನ್ನ ಚಾಪೇನೇ ಬೂಟಿಸಿಬಿಟ್ರಲ್ಲ ಮಾರಾಯ್ರೆ!"

"ಹಾಗಂದ್ರೆ?"

ಮೇಷ್ಟ್ರಿಗೆ ಪದಗಳ ಹುಚ್ಚು, ಅಷ್ಟೇ ಸಾಕಾಯಿತು. "ತಿರಸ್ಕಾರ, ತಾತ್ಸಾರ ಎಲ್ಲ ಪುಸ್ತಕದಲ್ಲಿದಾವೆ ಬಿಡಿ. ಇದು ಇದ್ದಿಲು ಗಾಡಿಯೋರು ಹುಟ್ಟಿಸಿದ ಮಾತು. ನಿಮ್ಮೂರ ಡಿಪೋದಲ್ಲಿ ಒಬ್ಬ ಇದಾನಂತೆ, ಬಡವರ ಮಾಲನ್ನ ಬೂಟಲ್ಲಿ ಒದ್ದು ನೋಡೋನು. ಈಗ ನಮ್ಮ ಸಂತೇಲಿ ಬದನೆಕಾಯಿ ಮಾರೋಳೂ ಅಂತಾಳೆ, 'ಬೇಕಾದ್ರೆ ತಗೊಳ್ಳಿ, ಬೂಟಿಸಬೇಡಿ' ಅಂತ. ನೀವು ನೋಡಿದೀರಾ ಅವನ್ನ?"

ಉಜ್ಜನಪ್ಪನಿಗೆ ಮೊದಲಿನ ಎರಡು ಸಂಬಂಧಗಳು ಯಾಕೆ ಮುರಿದವೆಂದು ಈಗ ತಿಳಿಯಿತು.

"ನೋಡಿದೀನಿ" ಎಂದ. "ಬರೀ ನೀಚ."

"ಅಂಥೋನ ಮನೆಯಿಂದ ಹೆಣ್ಣು ತರಬಾರದು, ಅಲ್ವಾ?"

"ತರಲೇಬಾರದು."

ತನ್ನ ಬಾಯಿಂದ ತನಗೇ ಉಗಿದುಕೊಂಡದ್ದು ಅವನಿಗೆ ಜೀವಮಾನದಲ್ಲಿ ಇದೇ ಮೊದಲು. ಪದ್ಮಮ್ಮನಿಗಾಗಿ ಅದನ್ನೂ ನುಂಗಿಕೊಂಡ. ಮೇಷ್ಟ್ರು ಖುಷಿಯಾಗಿ ಪಂಚಾಂಗ ತೆಗೆದರು. ಮುಂದಿನ ತಿಂಗಳಲ್ಲಿ ಒಂದು ದಿನವೂ ಕೂಡಿಬಂತು.

ಬೀಳ್ಕೊಡಲು ನಂಜಮ್ಮ ಜಗಲಿಗೆ ಬಂದರು. ಅವರ ಬೆನ್ನು ಬಾಗಿತ್ತು, ಹಾಗಾಗಿ ಕಣ್ಣು ಮೊದಲು ನೆಲದ ಮೇಲೆಯೇ ಬಿತ್ತು. ಎಡಗಾಲಿನ ಬೂಟು ಪೂರ್ತಿ ಕಂದು. ಬಲಗಾಲಿನದರ ತುದಿ ಕಪ್ಪು. ಈಶ್ವರಮ್ಮ ಎಷ್ಟು ಒರೆಸಿದರೂ ಹೊಲಿಗೆಯೊಳಗಿನ ಇದ್ದಿಲ ಪುಡಿ ಬಿಟ್ಟಿರಲಿಲ್ಲ. ಅವರು ಬೂಟನ್ನು ನೋಡಿದರು, ಆಮೇಲೆ ಅವನ ಮುಖವನ್ನು ನೋಡಿದರು. ಉಜ್ಜನಪ್ಪ ಗಡಬಡಿಸಿ ಬೂಟಿಗೆ ಕೈ ಹಾಕಲು ಬಗ್ಗಿದ.

ಅಷ್ಟರಲ್ಲಿ ನಂಜಮ್ಮ ಕಾಲಿನ ಹೆಬ್ಬೆರಳಿನಿಂದ ಆ ಬೂಟನ್ನು ಮೆಲ್ಲಗೆ ಬೀದಿಗೆ ತಳ್ಳಿದರು. ಮುಖ ಪಕ್ಕಕ್ಕೆ ತಿರುಗಿಸಿ 'ಹುಂ' ಎಂದರು.

"ಸುಬ್ಬಾ" ಎಂದು ಒಳಗೆ ಕೂಗಿದರು, "ಪಂಚಾಂಗ ಮಡಚಿಡು."